ದೋಣಿಯ ಡೀಸೆಲ್ ಇಂಜಿನ್ ಆಯಿಲ್ ನಾವೇ ಬದಲಿಸಬಹುದಾ? ಕೆರೆಗೆ ಒಂದು ಹನಿಯೂ ಬೀಳಬಾರದು

ಕೆರೆಯಂಚು
ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಕೆರೆಯಲ್ಲಿ ಕಳೆ, ಪ್ಲಾಸ್ಟಿಕ್ ತೆಗೆಯುವುದಕ್ಕೆ ಒಂದು ಹಳೆಯ ಫೈಬರ್ ದೋಣಿ ಇದೆ. ಕರಾವಳಿಯಿಂದ ತಂದದ್ದು. ಒಳಗಡೆ ಎರಡು ಸಿಲಿಂಡರ್‌ನ ಡೀಸೆಲ್ ಇಂಜಿನ್. ಓಡುವುದೇನೋ ಚೆನ್ನಾಗಿಯೇ ಓಡುತ್ತದೆ. ಆದರೆ ಹಿಂದಿನವರು ಆಯಿಲ್ ಯಾವಾಗ ಬದಲಿಸಿದ್ದರೋ ಯಾರಿಗೂ ಗೊತ್ತಿಲ್ಲ. ಆಯಿಲ್ ಮಟ್ಟ ನೋಡುವ ಕಡ್ಡಿ (ಡಿಪ್‌ಸ್ಟಿಕ್) ಎಳೆದರೆ ಕಡುಕಪ್ಪು.

ಗ್ಯಾರೇಜಿನ ಮೆಕ್ಯಾನಿಕ್ ಒಬ್ಬರನ್ನು ಕರೆಸಿ ತೋರಿಸಿದೆವು. ಸಂಪಿನ (ಇಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿ) ಅಡಿಯ ಡ್ರೈನ್ ಬೋಲ್ಟಿಗೂ ದೋಣಿಯ ತಳಕ್ಕೂ ನಡುವೆ ನಾಲ್ಕು ಬೆರಳು ಜಾಗವೂ ಇಲ್ಲ. ಸ್ಪ್ಯಾನರ್ ಹೇಗೋ ತೂರಿಸಿದರೂ ಕೆಳಗೆ ಟ್ರೇ ಇಡುವ ಹಾಗಿಲ್ಲ. "ಇಂಜಿನ್ನೇ ಎತ್ತಬೇಕು ಮೇಡಂ" ಅಂದುಬಿಟ್ಟರು. ಚೈನ್ ಬ್ಲಾಕ್ ಬಾಡಿಗೆ, ಕೂಲಿ ಎಲ್ಲ ಸೇರಿದರೆ ನಮ್ಮ ಗುಂಪಿನ ಕೈಗೆ ಆಗುವ ಮಾತಲ್ಲ.

ಇಂಜಿನ್ ಎತ್ತದೆ ಆಯಿಲ್ ತೆಗೆಯುವುದು ಹೇಗೆ? ಯಾವ ಆಯಿಲ್ ಹಾಕಬೇಕು? ಹಳೆಯದನ್ನು ಬೆಂಗಳೂರಿನಲ್ಲಿ ಯಾರಿಗೆ ಕೊಡಬೇಕು? ಮಳೆ ಶುರುವಾದ ಮೇಲೆ ಕೆಲವು ತಿಂಗಳು ದೋಣಿ ಸುಮ್ಮನೆ ನಿಲ್ಲುತ್ತದೆ. ಈಗ ಬದಲಿಸಬೇಕಾ, ಮಳೆಗಾಲ ಮುಗಿದ ಮೇಲಾ? ಎಲ್ಲಕ್ಕಿಂತ ಮುಖ್ಯ, ಆಯಿಲ್ ನೀರಿಗೆ ಬೀಳಬಾರದು. ಕೆರೆ ಉಳಿಸುವುದಕ್ಕೆ ತಂದ ದೋಣಿ ಇದು.

ಮಲ್ಪೆ_ಬಂದರು
ಇಂಜಿನ್ ಎತ್ತುವುದೆಲ್ಲ ಬೇಡವೇ ಬೇಡ ಮಾರಾಯ್ರೆ. ಡಿಪ್‌ಸ್ಟಿಕ್ ತೂತಿನಿಂದಲೇ ಎಳೆಯಿರಿ. ನಾವು ಮಾಡುವುದೇ ಹಾಗೆ.

ಪೀಣ್ಯ_ಲೇತ್
ಅದೇ. ಕೈಪಂಪು ಸಿಗುತ್ತದೆ, ವ್ಯಾಕ್ಯೂಮ್ ಡಬ್ಬಿ ಥರದ್ದೂ ಸಿಗುತ್ತದೆ. ಎಸ್.ಪಿ. ರಸ್ತೆ, ಜೆ.ಸಿ. ರಸ್ತೆ ಕಡೆ ವಿಚಾರಿಸಿ. ಇಂಜಿನ್ ಪಕ್ಕದಲ್ಲಿ ಹಿತ್ತಾಳೆಯ ಸಣ್ಣ ಪಂಪು ಇದೆಯಾ ಒಮ್ಮೆ ನೋಡಿ. ಎಷ್ಟೋ ದೋಣಿ ಇಂಜಿನ್‌ಗಳಿಗೆ ಕಂಪನಿಯೇ ಅದನ್ನು ಕೂರಿಸಿರುತ್ತದೆ. ಇದ್ದರೆ ನಿಮ್ಮ ಅರ್ಧ ಕೆಲಸ ಮುಗಿಯಿತು.

ಡೀಸೆಲ್_ತಾತ
ಆ ಮೆಕ್ಯಾನಿಕ್ ಸುಳ್ಳು ಹೇಳಿಲ್ಲ, ಪಾಪ. ಲಾರಿ, ಟ್ರ್ಯಾಕ್ಟರ್ ನೋಡಿದವರಿಗೆ ಆಯಿಲ್ ಅಂದರೆ ಕೆಳಗಿಂದ ಇಳಿಸುವುದು. ದೋಣಿಯಲ್ಲಿ ಮೇಲಿಂದ ಎಳೆಯುತ್ತಾರೆ. ನಾನು ವರ್ಕ್‌ಶಾಪಿನಲ್ಲಿ ಜೀವಮಾನ ಕಳೆದವನು. ಹೇಗೆ ಅಂತ ಬಿಡಿಸಿ ಹೇಳುತ್ತೇನೆ.

ಮೊದಲು ಇಂಜಿನ್ ಬಿಸಿ ಮಾಡಿ. ಹತ್ತು ಹದಿನೈದು ನಿಮಿಷ ದೋಣಿ ಓಡಿಸಿ ಬನ್ನಿ. ಬರೀ ಐಡಲ್‌ನಲ್ಲಿ ನಿಲ್ಲಿಸಿದರೆ ಆಯಿಲ್ ಸರಿಯಾಗಿ ಕಾಯುವುದಿಲ್ಲ. ಬಿಸಿಯಾದ ಆಯಿಲ್ ತೆಳ್ಳಗಾಗುತ್ತದೆ, ತಳದಲ್ಲಿ ಕೂತ ಮಸಿಯೂ ಕದಡಿ ಅದರ ಜೊತೆ ಹೊರಗೆ ಬರುತ್ತದೆ. ತಣ್ಣಗಿನ ಆಯಿಲ್ ಎಳೆದರೆ ಪಂಪು ಒದ್ದಾಡುತ್ತದೆ, ಕೊಳೆ ಅಲ್ಲೇ ಉಳಿಯುತ್ತದೆ. ಇಂಜಿನ್ ನಿಲ್ಲಿಸಿ ಐದು ನಿಮಿಷ ಬಿಡಿ. ಎಲ್ಲ ಸಂಪಿಗೆ ಇಳಿಯಲಿ. ಕೈಗೆ ಗ್ಲೌಸ್ ಇರಲಿ. ಬಿಸಿ ಆಯಿಲ್ ಸುಡುತ್ತದೆ, ಬಳಸಿದ ಆಯಿಲ್ ಚರ್ಮಕ್ಕೂ ಒಳ್ಳೆಯದಲ್ಲ.

ಆಮೇಲೆ ಡಿಪ್‌ಸ್ಟಿಕ್ ತೆಗೆದು ಪಂಪಿನ ಸಣ್ಣ ಪೈಪನ್ನು ತಳ ಮುಟ್ಟುವ ತನಕ ಇಳಿಸಿ. ಮುಟ್ಟಿತು ಅನಿಸಿದ ಮೇಲೆ ಒಂದು ಕೂದಲೆಳೆ ಮೇಲೆತ್ತಿ. ಇಲ್ಲದಿದ್ದರೆ ಪೈಪಿನ ಬಾಯಿ ತಳಕ್ಕೆ ಕಚ್ಚಿಕೊಂಡು ಎಳೆಯುವುದಿಲ್ಲ. ಗೊರಗೊರ ಸದ್ದು ಬಂದರೆ ಗಾಳಿ ಎಳೆಯುತ್ತಿದೆ ಅಂತ ಅರ್ಥ. ಆಗ ಪೈಪನ್ನು ಸ್ವಲ್ಪ ಆಚೀಚೆ ಸರಿಸಿ ಮತ್ತೆ ಎಳೆಯಿರಿ. ಹೊರಗೆ ಬಂದದ್ದನ್ನು ಗುರುತು ಇರುವ ಕ್ಯಾನಿನಲ್ಲಿ ಅಳೆಯಿರಿ. ಇದನ್ನು ಮಾತ್ರ ಮರೆಯಬೇಡಿ. ಮ್ಯಾನುಯಲ್‌ನಲ್ಲಿ ಎಷ್ಟು ಲೀಟರ್ ಅಂತ ಇದೆಯೋ ಅದಕ್ಕೆ ಹೋಲಿಸಿದರೆ ಒಳಗೆ ಎಷ್ಟು ಉಳಿದಿದೆ ಅಂತ ಗೊತ್ತಾಗುತ್ತದೆ.

ಫಿಲ್ಟರ್ ವಿಷಯ ಆಮೇಲೆ ಬರೆಯುತ್ತೇನೆ. ಅಲ್ಲೇ ಚೆಲ್ಲುವುದು ಜಾಸ್ತಿ.

ಫುಲ್_ಟ್ಯಾಂಕ್
ಆಯಿಲ್ ಕಪ್ಪಾಗಿದೆ ಅಂದರೆ ಇಂಜಿನ್ ಕಥೆ ಮುಗಿದಿದೆ ಅಂತಾನೇ. ಮೊದಲು ಫ್ಲಶಿಂಗ್ ಆಯಿಲ್ ಹಾಕಿ ತೊಳೆಯಿರಿ, ಆಮೇಲೆ ಫುಲ್ ಸಿಂಥೆಟಿಕ್ 5ಡಬ್ಲ್ಯು30 ಹಾಕಿ. ನನ್ನ ಕಾರಿಗೆ ಅದೇ.

ಡೀಸೆಲ್_ತಾತ
@ಫುಲ್_ಟ್ಯಾಂಕ್ ಇಲ್ಲಪ್ಪ. ಡೀಸೆಲ್ ಇಂಜಿನ್ನಿನಲ್ಲಿ ಹೊಸ ಆಯಿಲ್ ಹಾಕಿ ಸ್ವಲ್ಪ ಹೊತ್ತು ಓಡಿಸಿದರೂ ಕಪ್ಪಾಗುತ್ತದೆ. ಮಸಿಯನ್ನು ಹಿಡಿದು ತನ್ನೊಳಗೆ ಇಟ್ಟುಕೊಳ್ಳುವುದು ಆಯಿಲಿನ ಕೆಲಸ. ಬಣ್ಣ ನೋಡಿ ತೀರ್ಪು ಕೊಡಬಾರದು. ಹೆದರಬೇಕಾದದ್ದು ಹಾಲು ಬೆರೆತ ಕಾಫಿ ಬಣ್ಣಕ್ಕೆ. ಹಾಗಿದ್ದರೆ ನೀರು ಸೇರಿದೆ ಅಂತ. ಹೀಟ್ ಎಕ್ಸ್‌ಚೇಂಜರ್, ಆಯಿಲ್ ಕೂಲರ್, ಹೆಡ್ ಗ್ಯಾಸ್ಕೆಟ್, ಇಲ್ಲವೇ ಸೈಲೆನ್ಸರ್ ಕಡೆಯಿಂದ ನೀರು ವಾಪಸ್ ನುಗ್ಗಿರುತ್ತದೆ.

ಅಣುಸೂತ್ರ
5ಡಬ್ಲ್ಯು30 ಈ ಇಂಜಿನ್ನಿಗೆ ಸುಮ್ನೆ ಖರ್ಚು. ಡಬ್ಲ್ಯುಗೆ ಮೊದಲು ಬರುವ ಅಂಕಿ ಚಳಿಯಲ್ಲಿ ಇಂಜಿನ್ ಸುಲಭವಾಗಿ ತಿರುಗುತ್ತದಾ ಅನ್ನುವುದಕ್ಕೆ. 15ಡಬ್ಲ್ಯು ಆಯಿಲನ್ನು ಪರೀಕ್ಷೆ ಮಾಡುವುದೇ ಮೈನಸ್ 20 ಡಿಗ್ರಿಯಲ್ಲಿ. ಬೆಂಗಳೂರಿನ ದಾಖಲೆ ಚಳಿ ಯಾವುದು ಗೊತ್ತಾ? 1884ರ ಜನವರಿಯಲ್ಲಿ 7.8 ಡಿಗ್ರಿ. ಅದಕ್ಕಿಂತ ಕೆಳಗೆ ಇಳಿದೇ ಇಲ್ಲ. ಹಳೆಯ ಎರಡು ಸಿಲಿಂಡರ್ ಡೀಸೆಲ್‌ಗೆ 15ಡಬ್ಲ್ಯು40 ಮಿನರಲ್ ಆಯಿಲ್ ಸಾಕು.

ಕ್ಯಾನ್ ಮೇಲೆ ಎಪಿಐ ದರ್ಜೆ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಗುಣಮಟ್ಟದ ಗುರುತು) ನೋಡಿ. ಹಳೆಯ ಮ್ಯಾನುಯಲ್‌ಗಳಲ್ಲಿ ಸಿಡಿ, ಸಿಎಫ್-4 ಅಂತ ಇರುತ್ತದೆ. ಅವು ಈಗ ಚಾಲ್ತಿಯಲ್ಲಿಲ್ಲ. ಆ ಜಾಗಕ್ಕೆ ಸಿಎಚ್-4 ಅಥವಾ ಸಿಐ-4 ಹಾಕಬಹುದು. ಕಾರಿನ ಕಡಿಮೆ ಬೂದಿಯ ಆಯಿಲ್ ಇರುವುದು ಹೊಗೆ ಕೊಳವೆಯಲ್ಲಿ ಮಸಿ ಸೋಸುವ ಫಿಲ್ಟರ್ ಇರುವ ಗಾಡಿಗಳಿಗೆ. ನಿಮ್ಮ ದೋಣಿಗೆ ಅದು ಇಲ್ಲವಲ್ಲ.

ಫುಲ್_ಟ್ಯಾಂಕ್
ದುಡ್ಡು ಜಾಸ್ತಿ ಕೊಟ್ಟರೆ ಇಂಜಿನ್ನಿಗೆ ಒಳ್ಳೆಯದೇ ಅಲ್ವಾ? ಕೆಡುಕಂತೂ ಆಗುವುದಿಲ್ಲ.

ಕಾಳಿ_ಕಡಲು
ಆಗುತ್ತದೆ. ನಾನು ಕಾರವಾರದವನು, ಈಗ ಇರುವುದು ಯಲಹಂಕದಲ್ಲಿ. ಕಳೆ ತೆಗೆಯುವ ದೋಣಿ ದಿನವಿಡೀ ನಿಧಾನಕ್ಕೆ ತೆವಳುತ್ತದೆ. ಇಂಜಿನ್ ಮೇಲೆ ಭಾರವೇ ಬೀಳುವುದಿಲ್ಲ. ಹೀಗೆ ಓಡುವ ಹಳೆಯ ಇಂಜಿನ್ನಿಗೆ ತೀರಾ ನಾಜೂಕು ಆಯಿಲ್ ಹಾಕಿದರೆ ಸಿಲಿಂಡರ್ ಗೋಡೆ ಗಾಜಿನ ಹಾಗೆ ನುಣುಪಾಗಿ ಮೆರುಗು ಕಟ್ಟುತ್ತದೆ. ಪಿಸ್ಟನ್ ರಿಂಗ್ ಸರಿಯಾಗಿ ಕೂರುವುದಿಲ್ಲ, ಆಯಿಲ್ ಸುಡಲು ಶುರುವಾಗುತ್ತದೆ. ಆಯಿಲ್ ಯಾವುದೇ ಇರಲಿ, ಕೆಲಸ ಮುಗಿದ ಮೇಲೆ ದೋಣಿಯನ್ನು ಕೆರೆಯ ಒಂದು ಉದ್ದಕ್ಕೆ ಜೋರಾಗಿ ಓಡಿಸಿ. ಇಂಜಿನ್ ಚೆನ್ನಾಗಿ ಕಾಯಲಿ. ಆಯಿಲಿನಲ್ಲಿ ಸೇರಿದ ತೇವ ಆವಿಯಾಗುವುದು ಆಗಲೇ.

ಹೆಬ್ಬಾಳ_ಹಕ್ಕಿ
ಜೋರಾಗಿ ಓಡಿಸುವ ಮುಂಚೆ ಹಕ್ಕಿ ಗೂಡು ಎಲ್ಲಿವೆ ನೋಡಿಕೊಳ್ಳಿ ದಯವಿಟ್ಟು. ಗುಳುಮುಳುಕ ತೇಲುವ ಕಳೆಯ ಮೇಲೇ ಗೂಡು ಕಟ್ಟುತ್ತದೆ. ದೋಣಿಯ ಅಲೆಗೆ ಗೂಡು ಮುಳುಗಿಹೋಗುತ್ತದೆ.

ಕೆರೆಯಂಚು
@ಹೆಬ್ಬಾಳ_ಹಕ್ಕಿ ಗೂಡಿರುವ ಕಡೆ ಕೋಲು ನೆಟ್ಟು ಬಟ್ಟೆ ಕಟ್ಟಿದ್ದೇವೆ. ಆ ಕಡೆ ದೋಣಿ ಹೋಗುವುದಿಲ್ಲ.

@ಡೀಸೆಲ್_ತಾತ ತುಂಬಾ ಉಪಕಾರ ಆಯಿತು ಸರ್. ಫಿಲ್ಟರ್ ಇಂಜಿನ್ ಪಕ್ಕದಲ್ಲಿ ಅಡ್ಡಡ್ಡ ಕೂತಿದೆ. ಅದರ ಕೆಳಗೆ ನೇರ ದೋಣಿಯ ತಳ. ಅದನ್ನು ಬಿಚ್ಚುವುದೇ ನನಗೆ ಚಿಂತೆ.

ಡೀಸೆಲ್_ತಾತ
ಒಂದು ದಪ್ಪ ಪ್ಲಾಸ್ಟಿಕ್ ಚೀಲ ತಗೊಳ್ಳಿ. ಫಿಲ್ಟರನ್ನು ಮೊದಲು ರೆಂಚಿನಲ್ಲಿ ಅರ್ಧ ಸುತ್ತು ಸಡಿಲ ಮಾಡಿ, ಆಮೇಲೆ ಚೀಲವನ್ನು ಪೂರ್ತಿ ಮುಚ್ಚುವ ಹಾಗೆ ತೊಡಿಸಿ, ಚೀಲದ ಮೇಲಿಂದಲೇ ಕೈಯಲ್ಲಿ ತಿರುಗಿಸಿ ಬಿಚ್ಚಿ. ಆಯಿಲ್ ಸಮೇತ ಚೀಲದೊಳಗೆ ಬೀಳುತ್ತದೆ. ಕೆಳಗೆ ವೇಸ್ಟ್ ಬಟ್ಟೆ ಹಾಸಿರಿ, ಅದರ ಕೆಳಗೆ ಅಗಲವಾದ ಟ್ರೇ. ಅಡ್ಡ ಕೂತ ಫಿಲ್ಟರಿನಲ್ಲಿ ಆಯಿಲ್ ನಿಂತೇ ಇರುತ್ತದೆ. ಬಿಚ್ಚುವ ಮುಂಚೆ ಮೇಲ್ಭಾಗದಲ್ಲಿ ಮೊಳೆಯಿಂದ ಒಂದು ತೂತು ಹೊಡೆದು ಸ್ವಲ್ಪ ಹೊತ್ತು ಬಿಟ್ಟರೆ ಗಾಳಿ ಹೋಗಿ ಒಳಗಿನದು ಸಂಪಿಗೆ ಇಳಿಯುತ್ತದೆ. ಈ ತೂತಿನ ಉಪಾಯ ಕೆಲವರಿಗೆ ಇಷ್ಟವಿಲ್ಲ. ಫಿಲ್ಟರ್ ಕಚ್ಚಿಕೊಂಡು ಬರದೇ ಹೋದರೆ ಇಂಜಿನ್ ಸ್ಟಾರ್ಟ್ ಮಾಡುವ ಹಾಗೂ ಇರುವುದಿಲ್ಲ ಅಂತ. ಅದಕ್ಕೇ ಹೇಳಿದ್ದು, ಮೊದಲು ಸಡಿಲ ಆಗುತ್ತದಾ ನೋಡಿ, ಆಮೇಲೆ ತೂತು.

ಬಿಚ್ಚಿದ ಮೇಲೆ ಹಳೆಯ ಫಿಲ್ಟರಿನ ರಬ್ಬರ್ ರಿಂಗ್ ಅದರ ಜೊತೆಯೇ ಬಂತಾ ನೋಡಿ. ಎಷ್ಟೋ ಸಲ ಅದು ಇಂಜಿನ್ನಿಗೇ ಅಂಟಿಕೊಂಡಿರುತ್ತದೆ. ಅದರ ಮೇಲೆ ಹೊಸ ಫಿಲ್ಟರ್ ಕೂರಿಸಿದರೆ ಎರಡು ರಿಂಗ್ ಆಗಿ, ಸ್ಟಾರ್ಟ್ ಮಾಡಿದ ಕೂಡಲೇ ಪೂರ್ತಿ ಆಯಿಲ್ ಚಿಮ್ಮಿ ಹೊರಗೆ ಬರುತ್ತದೆ. ನಿಮಗೆ ಕೆರೆ ಮುಖ್ಯ ಅಂದರೆ ಈ ಒಂದು ತಪಾಸಣೆ ಬಿಡಲೇಬೇಡಿ.

ಹೊಸ ರಿಂಗಿಗೆ ಹೊಸ ಆಯಿಲ್ ಸವರಿ. ಕೈಯಲ್ಲಿ ತಿರುಗಿಸಿ. ರಿಂಗ್ ಮುಟ್ಟಿದ ಮೇಲೆ ಮುಕ್ಕಾಲು ಸುತ್ತು ಸಾಕು. ರೆಂಚ್ ಹಾಕಿ ಬಿಗಿಯಬೇಡಿ, ಮುಂದಿನ ಸಲ ಬಿಚ್ಚುವವರು ಅಳಬೇಕಾಗುತ್ತದೆ.

ಪೀಣ್ಯ_ಲೇತ್
ಫಿಲ್ಟರ್ ಕೊಳ್ಳುವಾಗ ಬರೀ ಮರೆ (ಥ್ರೆಡ್) ಕೂರುತ್ತದೆ ಅಂತ ಯಾವುದೋ ಗಾಡಿಯದ್ದು ತರಬೇಡಿ. ಅಡ್ಡ ಕೂರುವ ಫಿಲ್ಟರಿಗೆ ಆಯಿಲ್ ವಾಪಸ್ ಇಳಿಯದ ಹಾಗೆ ತಡೆಯುವ ರಬ್ಬರ್ ವಾಲ್ವ್ ಒಳಗೆ ಇರಬೇಕು. ಇಲ್ಲದಿದ್ದರೆ ಪ್ರತಿ ಸಲ ಸ್ಟಾರ್ಟ್ ಮಾಡಿದಾಗ ಬೇರಿಂಗಿಗೆ ಆಯಿಲ್ ತಲುಪುವುದು ತಡವಾಗುತ್ತದೆ. ಹಳೆಯ ಫಿಲ್ಟರ್ ನಂಬರ್ ಫೋಟೋ ತೆಗೆದುಕೊಂಡು ಹೋಗಿ. ಜೆ.ಸಿ. ರಸ್ತೆಗೆ ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ಹೋದರೆ ಒಳ್ಳೆಯದು. ಮಧ್ಯಾಹ್ನ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ.

ಜನರೇಟರ್_ರೂಮ್
ಮೆಟ್ರೋದಲ್ಲಿ ಹೋಗಿ ನಡೆದುಬಿಡಿ. 5 ಲೀಟರ್ ಕ್ಯಾನ್ ಹೊತ್ತು ತರುವುದು ಕಷ್ಟವೇನಲ್ಲ. ಆಯಿಲ್ ಮಾತ್ರ ಅಧಿಕೃತ ಡೀಲರ್ ಹತ್ತಿರವೇ ತಗೊಳ್ಳಿ, ಬಿಲ್ ಸಮೇತ. ಮುಚ್ಚಳದ ಸೀಲ್ ನೋಡಿ. ನಮ್ಮ ಅಪಾರ್ಟ್‌ಮೆಂಟಿನ ಜನರೇಟರಿಗೆ ಯಾರೋ ಅಗ್ಗಕ್ಕೆ ತಂದ ಕ್ಯಾನಿನಲ್ಲಿ ಇದ್ದದ್ದು ಸೋಸಿದ ಹಳೆಯ ಆಯಿಲ್. ಸಂಘದ ಸಭೆಯಲ್ಲಿ ಅದೇ ದೊಡ್ಡ ಜಗಳ ಆಯಿತು. ಅಂದಿನಿಂದ ಖಾಲಿ ಕ್ಯಾನ್ ಎಸೆಯುವ ಮುಂಚೆ ಲೇಬಲ್ ಹರಿದು ಹಾಕಿ, ಕ್ಯಾನಿಗೆ ತೂತು ಮಾಡುತ್ತೇವೆ.

ಮಲ್ಪೆ_ಬಂದರು
ಮಳೆಗಾಲದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಬೋಟು ದಕ್ಕೆಯಲ್ಲೇ ಇರುತ್ತದೆ. ನಿಲ್ಲಿಸುವ ಮುಂಚೆ ಆಯಿಲ್ ಬದಲಿಸುವುದು ಸರಿ. ಬಳಸಿದ ಆಯಿಲಿನಲ್ಲಿ ಹುಳಿ (ಆಮ್ಲ), ತೇವ ಎರಡೂ ಇರುತ್ತವೆ. ಅದು ಒಳಗೇ ಇದ್ದರೆ ನಿಂತಲ್ಲೇ ಬೇರಿಂಗ್ ತಿನ್ನುತ್ತದೆ.

ಹೊಸಕೋಟೆ_ರೈತ
ಹಾಗಾದರೆ ನಿಂತ ಮೇಲೆ ಹೊಸ ಆಯಿಲಿಗೂ ತೇವ ಸೇರುವುದಿಲ್ವಾ? ನಾವು ಟ್ರ್ಯಾಕ್ಟರಿಗೆ ಹಂಗಾಮು ಶುರುವಾಗುವ ಮುಂಚೆ ಬದಲಿಸುತ್ತೇವೆ. ಎರಡೆರಡು ಸಲ ಯಾರು ದುಡ್ಡು ಹಾಕುತ್ತಾರೆ?

ಮಲ್ಪೆ_ಬಂದರು
ಎರಡು ಸಲ ಬೇಡ. ನಿಲ್ಲಿಸುವ ಮುಂಚೆ ಒಂದು ಸಲ ಸಾಕು. ಉರಿಯದ ಇಂಜಿನ್ನಿನಲ್ಲಿ ಹುಳಿ ಎಲ್ಲಿಂದ ಹುಟ್ಟುತ್ತದೆ? ಹೊಗೆ ಕೊಳವೆ, ಗಾಳಿ ಎಳೆಯುವ ಬಾಯಿ ಎರಡನ್ನೂ ಬಟ್ಟೆ ತುರುಕಿ ಮುಚ್ಚಿದರೆ ತೇವವೂ ಜಾಸ್ತಿ ಹೋಗುವುದಿಲ್ಲ. ಮುಚ್ಚಿದ್ದನ್ನು ಸ್ಟೀರಿಂಗ್ ಮೇಲೆ ಚೀಟಿ ಬರೆದು ಅಂಟಿಸಿ.

ಅಣುಸೂತ್ರ
ಹುಳಿಯ ಮಾತು ಪೂರ್ತಿ ನಿಜ, ಆದರೆ ಈಗ ಮೊದಲಿನಷ್ಟು ಇಲ್ಲ. ಡೀಸೆಲಿನ ಗಂಧಕ ಉರಿದು ನೀರಿನ ಆವಿಯ ಜೊತೆ ಸೇರಿ ಆಮ್ಲ ಆಗುತ್ತದೆ. ಅದನ್ನು ಕೊಲ್ಲುವುದಕ್ಕೆ ಆಯಿಲಿನಲ್ಲಿ ಕ್ಷಾರ ಬೆರೆಸಿರುತ್ತಾರೆ. ಹಳೆಯ ಬಿಎಸ್-3 (ಭಾರತ್ ಸ್ಟೇಜ್) ದರ್ಜೆಯ ಡೀಸೆಲಿನಲ್ಲಿ ಗಂಧಕ ಹತ್ತು ಲಕ್ಷಕ್ಕೆ 350 ಪಾಲಿನವರೆಗೂ ಇರಬಹುದಿತ್ತು. 2017ರ ಏಪ್ರಿಲ್‌ನಿಂದ ಇಡೀ ದೇಶಕ್ಕೆ 50 ಆಯಿತು, 2020ರ ಏಪ್ರಿಲ್‌ನಿಂದ 10. ಹಾಗಾಗಿ ಇವತ್ತಿನ ಬಂಕಿನ ಡೀಸೆಲ್‌ನಲ್ಲಿ ಕ್ಷಾರ ಬೇಗ ಖಾಲಿಯಾಗುವುದಿಲ್ಲ. ತೇವ, ಮಸಿ ಮಾತ್ರ ಅಂದಿನ ಹಾಗೇ ಇವೆ. ನಿಲ್ಲಿಸುವ ಮುಂಚೆಯೇ ಬದಲಿಸಿ ಅನ್ನುವುದಕ್ಕೆ ನನ್ನ ಮತವೂ ಇದೆ.

ಹೊಸಕೋಟೆ_ರೈತ
ಸರಿ ಒಪ್ಪಿದೆ. ಹಳೆಯ ಆಯಿಲ್ ಬಿಸಾಡಬೇಡಿ ಮೇಡಂ. ನಮ್ಮ ಕಡೆ ಕೊಟ್ಟಿಗೆ ಕಂಬಕ್ಕೆ, ಬೇಲಿ ಗೂಟಕ್ಕೆ ಬಳಿದರೆ ಗೆದ್ದಲು ಹತ್ತಿರ ಬರುವುದಿಲ್ಲ. ಬೇಡ ಅಂದರೆ ಕಟ್ಟಡ ಕಟ್ಟುವವರು ಸೆಂಟ್ರಿಂಗ್ ಹಲಗೆಗೆ ಬಳಿಯಲು ಕೇಳಿ ತಗೊಂಡು ಹೋಗುತ್ತಾರೆ.

ಹೆಬ್ಬಾಳ_ಹಕ್ಕಿ
ಅದನ್ನೇ ಬೇಡ ಅನ್ನುವುದು! ಗೂಟಕ್ಕೆ ಬಳಿದದ್ದು ಮಳೆಗೆ ತೊಳೆದು ಎಲ್ಲಿಗೆ ಹೋಗುತ್ತದೆ? ಮಣ್ಣಿಗೆ, ಚರಂಡಿಗೆ, ಅಲ್ಲಿಂದ ಕೆರೆಗೆ. ಬೆಂಗಳೂರಿನ ಕೆರೆಗಳು ಒಂದರ ಕೋಡಿಯಿಂದ ಇನ್ನೊಂದಕ್ಕೆ ಹರಿಯುವ ಸರಪಳಿ. ಮೇಲಿನ ಬಡಾವಣೆಯಲ್ಲಿ ಚೆಲ್ಲಿದ್ದು ಕೆಳಗಿನ ಕೆರೆಯಲ್ಲಿ ತೇಲುತ್ತದೆ. ಹಕ್ಕಿಯ ಗರಿಗೆ ಆಯಿಲ್ ಹತ್ತಿದರೆ ಗರಿ ನೀರು ತಡೆಯುವುದಿಲ್ಲ, ಮೈ ನೆನೆದು ಚಳಿಗೆ ಸಾಯುತ್ತದೆ. ಕೊಕ್ಕಿನಿಂದ ಸವರಿಕೊಂಡರೆ ಹೊಟ್ಟೆಗೂ ಹೋಗುತ್ತದೆ.

ಹೊಸಕೋಟೆ_ರೈತ
ನಮ್ಮ ತಾತನ ಕಾಲದಿಂದ ಬಳಿಯುತ್ತಿದ್ದೇವೆ. ಹಳ್ಳಿಯವರು ಮಾಡಿದ್ದೆಲ್ಲ ತಪ್ಪು ಅನ್ನುವುದು ಸುಲಭ. ನಿಮ್ಮ ಸಿಟಿಯ ಗ್ಯಾರೇಜುಗಳ ಮುಂದಿನ ಮೋರಿ ನೋಡಿದ್ದೀರಾ?

ಹೆಬ್ಬಾಳ_ಹಕ್ಕಿ
ನೋಡಿದ್ದೇನೆ, ಅದೂ ತಪ್ಪೇ. ನಿಮ್ಮನ್ನು ಬೈಯಲು ಬರೆದದ್ದಲ್ಲ ಅಣ್ಣ. ಗ್ಯಾರೇಜಿನವರಿಗೂ ಇದೇ ಮಾತು ಹೇಳುತ್ತೇನೆ.

ಜನರೇಟರ್_ರೂಮ್
ಕಾನೂನು ಪ್ರಕಾರವೂ ಇದು ಸುಮ್ಮನೆ ಬಿಡುವ ವಸ್ತುವಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಆಯಿಲ್ ಪಟ್ಟಿಯಲ್ಲೇ ಇದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೇ ಕೊಡಬೇಕು. ಮಂಡಳಿಯ ಕಚೇರಿ ಚರ್ಚ್ ಸ್ಟ್ರೀಟಿನ ಪರಿಸರ ಭವನದಲ್ಲಿದೆ, ಅಲ್ಲಿ ವಿಚಾರಿಸಬಹುದು. ನಾಲ್ಕೈದು ಲೀಟರಿಗೆ ಯಾರೂ ಗಾಡಿ ಕಳಿಸುವುದಿಲ್ಲ, ಅದು ನಿಜ. ಸುಲಭದ ದಾರಿ ಅಂದರೆ, ಹತ್ತಿರದ ದೊಡ್ಡ ಅಪಾರ್ಟ್‌ಮೆಂಟ್ ಅಥವಾ ಗಾಡಿ ಕಂಪನಿಯ ಸರ್ವೀಸ್ ಸೆಂಟರ್ ಕೇಳಿ. ಅವರಲ್ಲಿ ಡ್ರಮ್ ತುಂಬಿಸಿ ಅನುಮತಿ ಇರುವವರಿಗೆ ಕೊಡುವ ಏರ್ಪಾಡು ಇರುತ್ತದೆ. ಅದರ ಜೊತೆ ನಿಮ್ಮದೂ ಹೋಗಲಿ. ಬ್ರೇಕ್ ಆಯಿಲ್, ಪೆಟ್ರೋಲ್, ನೀರು ಏನೂ ಬೆರೆಸಬೇಡಿ. ಬೆರೆಸಿದರೆ ಮರುಶುದ್ಧಿ ಮಾಡಲು ಆಗುವುದಿಲ್ಲ ಅಂತ ವಾಪಸ್ ಕಳಿಸುತ್ತಾರೆ. ಹಳೆಯ ಫಿಲ್ಟರನ್ನೂ ಒಂದು ದಿನ ಬೋರಲು ಹಾಕಿ ಸೋರಿಸಿ ಜೊತೆಗೇ ಕೊಡಿ.

ಸೋಲಾರ್_ಸುಬ್ಬಿ
ಇಷ್ಟೆಲ್ಲ ಯಾಕೆ? ಎಲೆಕ್ಟ್ರಿಕ್ ಮೋಟರ್ ಹಾಕಿಸಿ. ಆಯಿಲ್ ಇಲ್ಲ, ಹೊಗೆ ಇಲ್ಲ, ಸದ್ದಿಲ್ಲ. ಕೆರೆಗೆ ಅದೇ ಸರಿ.

ಕೆರೆಯಂಚು
ನನಗೂ ಅದೇ ಆಸೆ. ಬ್ಯಾಟರಿ, ಮೋಟರ್ ಎಲ್ಲ ಸೇರಿ ವಿಚಾರಿಸಿದ ಬೆಲೆ ಕೇಳಿ ಸುಮ್ಮನಾದೆವು. ದುಡ್ಡು ಕೂಡುವ ತನಕ ಇರುವ ದೋಣಿಯನ್ನು ಚೆನ್ನಾಗಿ ಇಟ್ಟುಕೊಳ್ಳಬೇಕಲ್ವಾ?

ಕಾಳಿ_ಕಡಲು
ಖಂಡಿತ. ಚೆನ್ನಾಗಿ ಇಟ್ಟ ಡೀಸೆಲ್ ಹೊಗೆಯೂ ಕಡಿಮೆ, ಸೋರುವುದೂ ಕಡಿಮೆ.

ಶುರು ಮಾಡುವ ಮುಂಚೆ ಇದನ್ನು ಓದಿಕೊಳ್ಳಿ. ದೋಣಿಯ ತಳದ ನೀರೆತ್ತುವ ಪಂಪು ತಾನಾಗಿಯೇ ಚಾಲೂ ಆಗುವ ಥರದ್ದಾಗಿದ್ದರೆ ಸ್ವಿಚ್ ತೆಗೆದುಬಿಡಿ. ಆಯಿಲ್ ತಳಕ್ಕೆ ಬಿದ್ದರೂ ದೋಣಿಯೊಳಗೇ ಇದ್ದರೆ ಒರೆಸಿ ತೆಗೆಯಬಹುದು. ಪಂಪು ಅದನ್ನು ಕೆರೆಗೆ ಚಿಮ್ಮಿಸಿದರೆ ಯಾರೂ ಏನೂ ಮಾಡಲಾಗುವುದಿಲ್ಲ. ಪಾತ್ರೆ ತೊಳೆಯುವ ಸೋಪು ಸುರಿದು ತೊಳೆಯುವುದೂ ಬೇಡ. ಆಯಿಲ್ ಮಾಯವಾದ ಹಾಗೆ ಕಾಣುತ್ತದೆ ಅಷ್ಟೆ, ಸಣ್ಣ ಸಣ್ಣ ಹನಿಯಾಗಿ ನೀರಿನೊಳಗೇ ಇರುತ್ತದೆ. ಒಣ ಬಟ್ಟೆಯಲ್ಲಿ ಹೀರಿಸಿ ತೆಗೆಯಿರಿ.

ಸ್ಟಾರ್ಟ್ ಮಾಡುವ ಮುಂಚೆ ಕೆರೆಯಿಂದ ನೀರೆಳೆಯುವ ವಾಲ್ವ್ ತೆರೆದಿದೆಯಾ ನೋಡಿ. ಜಾಲರಿಯಲ್ಲಿ ಕಳೆ ಸಿಕ್ಕಿಕೊಂಡಿರಬಹುದು, ಅದನ್ನೂ ತೆಗೆಯಿರಿ. ನೀರಿಲ್ಲದೆ ಓಡಿದರೆ ಪಂಪಿನ ರಬ್ಬರ್ ಇಂಪೆಲ್ಲರ್ (ನೀರು ತಳ್ಳುವ ಚಕ್ರ) ಬಹಳ ಬೇಗ ಹರಿದುಹೋಗುತ್ತದೆ.

ಡೀಸೆಲ್_ತಾತ
ಒಳ್ಳೆಯ ಮಾತು. ಹೊಸ ಆಯಿಲ್ ಹಾಕುವಾಗ ಒಂದೇ ಸಲ ಪೂರ್ತಿ ಸುರಿಯಬೇಡಿ. ಮ್ಯಾನುಯಲ್‌ನಲ್ಲಿ ಹೇಳಿದ್ದಕ್ಕಿಂತ ಅರ್ಧ ಲೀಟರ್ ಕಡಿಮೆ ಹಾಕಿ. ಸ್ಟಾಪ್ ಲಿವರ್ ಎಳೆದು ಹಿಡಿದು, ಇಂಜಿನ್ ಉರಿಯದ ಹಾಗೆ ಸೆಲ್ಫ್ ಹೊಡೆಯಿರಿ. ಹೊಸ ಫಿಲ್ಟರಿಗೆ ಆಯಿಲ್ ತುಂಬಲಿ. ಆಮೇಲೆ ಸ್ಟಾರ್ಟ್ ಮಾಡಿ. ಆಯಿಲ್ ಪ್ರೆಷರ್ ದೀಪ ಕೆಲವೇ ಸೆಕೆಂಡಿನಲ್ಲಿ ಆರಬೇಕು, ಆರದಿದ್ದರೆ ತಕ್ಷಣ ನಿಲ್ಲಿಸಿ. ಫಿಲ್ಟರ್ ಬುಡದಲ್ಲಿ ಸೋರಿಕೆ ನೋಡಿ. ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ, ಬೇಕಾದಷ್ಟು ಸೇರಿಸಿ. ಜನರೆಲ್ಲ ಒಂದೇ ಕಡೆ ಕೂತು ದೋಣಿ ವಾಲಿದ್ದರೆ ಅಳತೆ ಸುಳ್ಳಾಗುತ್ತದೆ. ಮೇಲಿನ ಗೆರೆ ದಾಟಬೇಡಿ. ಜಾಸ್ತಿಯಾದರೆ ಒಳಗೆ ತಿರುಗುವ ಕ್ರ್ಯಾಂಕ್ ದಂಡ ಆಯಿಲನ್ನು ಕಡೆದು ನೊರೆ ಮಾಡುತ್ತದೆ. ಇನ್ನೂ ಜಾಸ್ತಿಯಾದರೆ ಬ್ರೀದರ್ (ಇಂಜಿನ್ ಒಳಗಿನ ಗಾಳಿ ಬಿಡುವ ಕೊಳವೆ) ದಾರಿಯಲ್ಲಿ ಹೋಗಿ ಆಯಿಲೇ ಇಂಧನವಾಗಿ ಉರಿಯುತ್ತದೆ. ಆಗ ಇಂಜಿನ್ ನಿಲ್ಲಿಸಿದರೂ ನಿಲ್ಲುವುದಿಲ್ಲ.

ಬೆಲ್ಟ್ ತಿರುಗುವಾಗ ವೇಲ್, ಸೆರಗು, ಲುಂಗಿ ಹತ್ತಿರ ಬಾರದಿರಲಿ.

ಕಾಳಿ_ಕಡಲು
@ಡೀಸೆಲ್_ತಾತ ಸರ್, ಒಂದು ತಿದ್ದುಪಡಿ. ದೋಣಿಯಲ್ಲಿ ತಂಪು ಮಾಡಿದ ನೀರು ಹೊಗೆಯ ಜೊತೆ ಸೈಲೆನ್ಸರಿಗೆ ಹೋಗುತ್ತದೆ. ಇಂಜಿನ್ ಉರಿಯದೆ ಸೆಲ್ಫ್ ಮಾತ್ರ ಹೊಡೆಯುತ್ತಾ ಇದ್ದರೆ ನೀರನ್ನು ಹೊರಗೆ ತಳ್ಳಲು ಹೊಗೆ ಇರುವುದಿಲ್ಲ. ಸೈಲೆನ್ಸರ್ ತುಂಬಿ ನೀರು ಸಿಲಿಂಡರಿಗೆ ನುಗ್ಗಬಹುದು. ಸೆಲ್ಫ್ ಚುಟುಕಾಗಿ ಹೊಡೆಯಬೇಕು. ಜಾಸ್ತಿ ಹೊಡೆಯುವುದಾದರೆ ನೀರಿನ ವಾಲ್ವ್ ಮುಚ್ಚಿ, ಇಂಜಿನ್ ಉರಿದ ಕೂಡಲೇ ತೆರೆಯಬೇಕು.

ಡೀಸೆಲ್_ತಾತ
ಇದು ಲಾರಿಯಲ್ಲಿ ಬರದ ವಿಷಯ. ಸರಿಯಾಗಿ ಹೇಳಿದಿರಿ. ಮೇಡಂ, ಇವರು ಹೇಳಿದ ಹಾಗೇ ಮಾಡಿ.

ಕೆರೆಯಂಚು
ಕೆಲಸ ಮುಗಿಯಿತು! ಭಾನುವಾರ ಬೆಳಿಗ್ಗೆ ಗುಂಪಿನವರು ಸೇರಿ ಮಾಡಿದೆವು. ವ್ಯಾಕ್ಯೂಮ್ ಡಬ್ಬಿ ಬಾಡಿಗೆಗೆ ಸಿಕ್ಕಿತು. ಚೀಲದ ಉಪಾಯ ತುಂಬಾ ಚೆನ್ನಾಗಿ ಕೆಲಸ ಮಾಡಿತು. ಬಟ್ಟೆಯ ಮೇಲೆ ಬಿದ್ದದ್ದು ಕೆಲವು ಹನಿ ಅಷ್ಟೆ. ಕೆರೆಗೆ ಏನೂ ಬೀಳಲಿಲ್ಲ. ರಬ್ಬರ್ ರಿಂಗ್ ನಿಜವಾಗಿಯೂ ಇಂಜಿನ್ನಿಗೇ ಅಂಟಿಕೊಂಡಿತ್ತು, ಬೆರಳಾಡಿಸಿ ನೋಡಿ ತೆಗೆದೆವು. ತಾತ ಅವರು ಹೇಳದೇ ಇದ್ದಿದ್ದರೆ ನಮಗೆ ಅದು ಹೊಳೆಯುತ್ತಲೇ ಇರಲಿಲ್ಲ. ಮೇಲಿನ ಗೆರೆಯವರೆಗೆ 15ಡಬ್ಲ್ಯು40 ಹಾಕಿದ್ದೇವೆ, ಪ್ರೆಷರ್ ದೀಪ ಕೂಡಲೇ ಆರಿತು. ಹಳೆಯದನ್ನು ಪಕ್ಕದ ಅಪಾರ್ಟ್‌ಮೆಂಟಿನವರು ತಮ್ಮ ಡ್ರಮ್ಮಿಗೆ ಹಾಕಿಸಿಕೊಳ್ಳಲು ಒಪ್ಪಿದ್ದಾರೆ.

ಆದರೆ ಒಂದು ವಿಚಿತ್ರ. ಇಂಜಿನ್ ಪ್ಲೇಟಿನ ಮೇಲೆ ಆಯಿಲ್ 4.5 ಲೀಟರ್ ಅಂತ ಇದೆ. ನಾವು ಹೊರಗೆ ತೆಗೆದದ್ದು 5.2 ಲೀಟರ್.

ಪೀಣ್ಯ_ಲೇತ್
ಹಿಂದಿನವರು ಜಾಸ್ತಿ ಹಾಕಿರುತ್ತಾರೆ. ತುಂಬಾ ಜನ ಹಾಗೇ ಮಾಡುತ್ತಾರೆ.

ಡೀಸೆಲ್_ತಾತ
ಇರಬಹುದು. ಆದರೆ ಅಷ್ಟಕ್ಕೇ ಬಿಡಬೇಡಿ. ಹಳೆಯ ಆಯಿಲ್ ಇನ್ನೂ ಇದೆಯಾ? ಮೂಸಿ ನೋಡಿ, ಡೀಸೆಲ್ ವಾಸನೆ ಇದೆಯಾ? ಒಂದು ಹನಿಯನ್ನು ಕಾಫಿ ಸೋಸುವ ಕಾಗದ ಅಥವಾ ಬಿಳಿ ಟಿಶ್ಯೂ ಮೇಲೆ ಬಿಟ್ಟು ಒಂದು ಗಂಟೆ ಬಿಡಿ. ನಡುವೆ ಕಪ್ಪು, ಸುತ್ತ ಅಗಲವಾಗಿ ತಿಳಿಬಣ್ಣದ ಉಂಗುರ ಹರಡಿದರೆ ಡೀಸೆಲ್ ಸೇರಿರುವ ಅನುಮಾನ.

ಕೆರೆಯಂಚು
ವಾಸನೆ ಜೋರಾಗಿಯೇ ಇದೆ ಸರ್. ಉಂಗುರವೂ ಅಗಲವಾಗಿ ಹರಡಿದೆ. ಆಯಿಲ್ ಬೆರಳಿಗೆ ತುಂಬಾ ತೆಳ್ಳಗೆ ಅನಿಸುತ್ತದೆ.

ಫುಲ್_ಟ್ಯಾಂಕ್
ಐಡಲ್‌ನಲ್ಲಿ ಜಾಸ್ತಿ ಓಡಿಸಿದರೂ ಡೀಸೆಲ್ ಸೇರುತ್ತದೆ ಅಲ್ವಾ? ಕಾಳಿ_ಕಡಲು ಹೇಳಿದ ಹಾಗೆ ನಿಧಾನಕ್ಕೆ ಓಡಿಸಿದ್ದರಿಂದ ಇರಬಹುದು.

ಕಾಳಿ_ಕಡಲು
ಸ್ವಲ್ಪ ಸೇರುತ್ತದೆ. ಮುಕ್ಕಾಲು ಲೀಟರ್ ಸೇರುವುದು ಕಷ್ಟ. ನನ್ನ ಅನುಮಾನ ಡೀಸೆಲ್ ಎತ್ತುವ ಫೀಡ್ ಪಂಪಿನ ಮೇಲೆ. ಇಂಜಿನ್ ಪಕ್ಕದಲ್ಲಿ ಕೂತು ಇಂಜಿನ್ ಒಳಗೆ ತಿರುಗುವ ಕ್ಯಾಮ್ ಅನ್ನುವ ಉಬ್ಬಿನಿಂದ ಓಡುವ ಸಣ್ಣ ಪಂಪು, ಒಳಗೆ ರಬ್ಬರ್ ಪೊರೆ ಇರುತ್ತದೆ. ಪೊರೆ ಸೀಳಿದರೆ ಡೀಸೆಲ್ ನೇರ ಸಂಪಿಗೆ ಇಳಿಯುತ್ತದೆ. ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ತೆಳ್ಳಗಾದ ಆಯಿಲಿನಲ್ಲಿ ಬೇರಿಂಗ್ ಸವೆಯುತ್ತದೆ.

ಅಣುಸೂತ್ರ
ಊಹೆ ಬೇಡ, ಅಳೆಯೋಣ. ಈಗ ಆಯಿಲ್ ಸರಿಯಾಗಿ ಮೇಲಿನ ಗೆರೆಗೆ ಇದೆ. ಡಿಪ್‌ಸ್ಟಿಕ್ ಫೋಟೋ ತೆಗೆದಿಡಿ. ಕೆಲವು ಗಂಟೆ ಕೆಲಸ ಮಾಡಿಸಿ, ದೋಣಿಯನ್ನು ಅದೇ ಜಾಗದಲ್ಲಿ ಅದೇ ಥರ ಕಟ್ಟಿ ಮತ್ತೆ ನೋಡಿ. ಚೆನ್ನಾಗಿರುವ ಇಂಜಿನ್ನಿನಲ್ಲಿ ಮಟ್ಟ ಅಲ್ಲೇ ಇರುತ್ತದೆ ಅಥವಾ ಸ್ವಲ್ಪ ಇಳಿಯುತ್ತದೆ. ಏರಿದರೆ ಕಾಳಿ_ಕಡಲು ಹೇಳಿದ್ದು ಸರಿ.

ಕೆರೆಯಂಚು
ಏರಿದೆ. ಮೇಲಿನ ಗೆರೆ ದಾಟಿ ಒಂದು ಬೆರಳು ದಪ್ಪ. ಫೋಟೋ ಪಕ್ಕಪಕ್ಕ ಇಟ್ಟು ನೋಡಿದರೆ ಸ್ಪಷ್ಟ. ದೋಣಿ ನಿಲ್ಲಿಸಿದ್ದೇವೆ.

ಡೀಸೆಲ್_ತಾತ
ಒಳ್ಳೆಯದಾಯಿತು. ಓಡಿಸಬೇಡಿ. ಫೀಡ್ ಪಂಪು ಬಿಚ್ಚುವುದು ಎರಡು ಬೋಲ್ಟ್, ಎರಡು ಪೈಪು. ಮೊದಲು ಟ್ಯಾಂಕಿನ ವಾಲ್ವ್ ಮುಚ್ಚಿ. ಹಳೆಯ ಮಾದರಿಗಾದರೆ ಪೊರೆ ಮತ್ತು ವಾಲ್ವ್‌ಗಳ ಕಿಟ್ ಸಿಗುತ್ತದೆ. ಸಿಗದಿದ್ದರೆ ಪಂಪನ್ನೇ ಬದಲಿಸಿ, ದೊಡ್ಡ ಬೆಲೆಯೇನಲ್ಲ. ಹಳೆಯ ಪಂಪನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ ಜೋಡಿ ನೋಡಿ ತನ್ನಿ. ಲಿವರಿನ ಉದ್ದ ಒಂದೇ ಇರಬೇಕು.

ಹೊಸದಾಗಿ ಹಾಕಿದ ಆಯಿಲನ್ನೂ ತೆಗೆಯಬೇಕಾಗುತ್ತದೆ. ಬೇಜಾರು ಮಾಡಿಕೊಳ್ಳಬೇಡಿ. ಫಿಲ್ಟರೂ ಹೊಸದು ಹಾಕಿ.

ಹೊಸಕೋಟೆ_ರೈತ
ಅಯ್ಯೋ, ಹೊಸ ಆಯಿಲ್! ಸೋಸಿ ಇಟ್ಟುಕೊಂಡರೆ ಆಗಲ್ವಾ?

ಅಣುಸೂತ್ರ
ಆಗುವುದಿಲ್ಲ. ಡೀಸೆಲ್ ಕರಗಿ ಬೆರೆತಿದೆ. ಬಟ್ಟೆಯಲ್ಲಿ ಸೋಸಿದರೆ ಬೇರೆಯಾಗುವುದಿಲ್ಲ.

ಕೆರೆಯಂಚು
ಪಂಪು ಬಿಚ್ಚಿದೆವು. ಪೊರೆ ಅಂಚಿನಲ್ಲಿ ಸೀಳಿದೆ, ಕಣ್ಣಿಗೇ ಕಾಣುತ್ತದೆ. ಜೆ.ಸಿ. ರಸ್ತೆಯಲ್ಲಿ ಕಿಟ್ ಸಿಕ್ಕಿತು, ನಮ್ಮ ಗುಂಪಿನ ಹುಡುಗರೇ ಕೂರಿಸಿದರು. ಆಯಿಲ್, ಫಿಲ್ಟರ್ ಎರಡೂ ಮತ್ತೆ ಬದಲಿಸಿಯಾಯಿತು. ಈ ಸಲ ಬಟ್ಟೆಯ ಮೇಲೂ ಹನಿ ಬೀಳಲಿಲ್ಲ. ಆದರೆ ಈಗ ಇಂಜಿನ್ ಸ್ಟಾರ್ಟೇ ಆಗುತ್ತಿಲ್ಲ. ಸೆಲ್ಫ್ ತಿರುಗುತ್ತದೆ, ಉರಿಯುವುದಿಲ್ಲ.

ಮಲ್ಪೆ_ಬಂದರು
ಡೀಸೆಲ್ ಪೈಪಿನಲ್ಲಿ ಗಾಳಿ ಹಿಡಿದಿದೆ ಅಷ್ಟೆ. ಮೊದಲು ಸೆಲ್ಫ್ ಹೊಡೆಯುವುದು ನಿಲ್ಲಿಸಿ, ನೀರಿನ ವಾಲ್ವ್ ಮುಚ್ಚಿ. ಟ್ಯಾಂಕಿನ ವಾಲ್ವ್ ತೆರೆದಿದೆಯಾ ನೋಡಿ. ಡೀಸೆಲ್ ಫಿಲ್ಟರಿನ ಮೇಲೆ ಗಾಳಿ ಬಿಡುವ ಸ್ಕ್ರೂ ಇರುತ್ತದೆ, ಅದರ ಕೆಳಗೆ ಬಟ್ಟೆ ಹಿಡಿದು ಸಡಿಲ ಮಾಡಿ. ಫೀಡ್ ಪಂಪಿನ ಸಣ್ಣ ಲಿವರನ್ನು ಕೈಯಲ್ಲಿ ಒತ್ತುತ್ತಾ ಹೋಗಿ. ಲಿವರ್ ಸಡಿಲ ಆಡಿದರೆ ಕ್ಯಾಮ್ ಅದನ್ನು ಎತ್ತಿ ಹಿಡಿದಿದೆ, ಇಂಜಿನ್ ಒಂದು ಸುತ್ತು ತಿರುಗಿಸಿ ಮತ್ತೆ ಒತ್ತಿ. ಗುಳ್ಳೆ ನಿಂತು ಬರೀ ಡೀಸೆಲ್ ಬಂದ ಮೇಲೆ ಸ್ಕ್ರೂ ಬಿಗಿಯಿರಿ. ಆಮೇಲೆ ಸಿಲಿಂಡರಿಗೆ ಡೀಸೆಲ್ ಒತ್ತಿ ಕಳಿಸುವ ಇಂಜೆಕ್ಷನ್ ಪಂಪಿನ ಮೇಲಿನ ಸ್ಕ್ರೂ, ಅದೇ ಥರ. ಇಷ್ಟಕ್ಕೂ ಉರಿಯದಿದ್ದರೆ ಇಂಜೆಕ್ಟರಿಗೆ ಬರುವ ಪೈಪಿನ ನಟ್ ಒಂದೊಂದೇ ಅರ್ಧ ಸುತ್ತು ಸಡಿಲ ಮಾಡಿ ಸೆಲ್ಫ್ ಹೊಡೆಯಬೇಕು. ಆಗ ಕೈ, ಮುಖ ದೂರ ಇರಲಿ. ಅಲ್ಲಿಂದ ಬರುವ ಡೀಸೆಲ್ ಚರ್ಮ ತೂರುವಷ್ಟು ಜೋರಾಗಿರುತ್ತದೆ.

ಕೆರೆಯಂಚು
ಎರಡನೇ ಸ್ಕ್ರೂ ಹತ್ತಿರ ಗುಳ್ಳೆ ನಿಂತ ಮೇಲೆ ಒಂದೇ ಸೆಲ್ಫಿಗೆ ಹಿಡಿಯಿತು. ನೀರಿನ ವಾಲ್ವ್ ತೆರೆದೆವು. ಸಂಜೆ ತನಕ ಓಡಿಸಿ ಡಿಪ್‌ಸ್ಟಿಕ್ ನೋಡಿದೆವು, ಆಯಿಲ್ ಗೆರೆಯಲ್ಲೇ ಇದೆ. ಗೇರ್‌ಬಾಕ್ಸ್ ಆಯಿಲ್ ಹೊಳೆದದ್ದು ಈಗ. ಅದಕ್ಕೂ ಇದೇ 15ಡಬ್ಲ್ಯು40 ನಡೆಯುತ್ತದಾ?

ಪೀಣ್ಯ_ಲೇತ್
ಮಾದರಿ ನೋಡದೆ ಹಾಕಬೇಡಿ. ಕೆಲವು ಗೇರ್‌ಬಾಕ್ಸಿಗೆ ಇಂಜಿನ್ ಆಯಿಲ್, ಕೆಲವಕ್ಕೆ ಕೆಂಪು ಬಣ್ಣದ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್). ಪ್ಲೇಟಿನ ಫೋಟೋ ಹಾಕಿ, ನೋಡಿ ಹೇಳುತ್ತೇನೆ.